ಓದುಗರ ಪ್ರಶ್ನೆ: ಹಸಿ ಕಸ, ಒಣ ಕಸ, ಬಚ್ಚಲ ಒಲೆ

ಈ ಸಲ ಪೂರ್ತಿ ಕಸದ್ದೇ ಮಾತು. ಮನೆ ಕಸದ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಅಂತ ಹೋದ ತಿಂಗಳು ಒಂದು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಚಿಕ್ಕಮಗಳೂರು ಮತ್ತು ಸುತ್ತಮುತ್ತಲಿನವು. ನಾನೂ ಇದೇ ಊರಿನವಳು. ಹಾಗಾಗಿ ಇಲ್ಲಿನ ಮಳೆ, ಇಲ್ಲಿನ ಬಚ್ಚಲು, ಇಲ್ಲಿನ ಗುಜರಿ ಅಂಗಡಿ ಎಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಉತ್ತರ ಬರೆದಿದ್ದೇನೆ.

ನಾವು ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಇಡುತ್ತೇವೆ. ಗಾಡಿಯವರು ಎರಡನ್ನೂ ಒಂದೇ ಕಡೆ ಸುರಿದುಕೊಂಡು ಹೋಗುತ್ತಾರೆ. ಮತ್ತೆ ನಾವು ಯಾಕೆ ಕಷ್ಟಪಡಬೇಕು?
*— ನಿವೃತ್ತ ಶಿಕ್ಷಕರು, ಕಲ್ಯಾಣ ನಗರ*

ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಮ್ಮ ಬೀದಿಯಲ್ಲೂ ಹೀಗೇ ಆಗಿತ್ತು. ಒಂದು ಮಳೆಗಾಲ ಪೂರ್ತಿ ನಾನು ಎರಡು ಬಕೆಟ್ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಿದ್ದೆ, ಎರಡೂ ಒಂದೇ ರಾಶಿಗೆ ಬೀಳುತ್ತಿದ್ದವು. ಒಂದು ದಿನ ಗಾಡಿಯ ಜೊತೆ ಬರುವ ಅಮ್ಮನನ್ನು ಕೇಳಿಯೇಬಿಟ್ಟೆ. "ಹತ್ತು ಮನೆಯಲ್ಲಿ ಎಂಟು ಮನೆಯವರು ಕಲಸಿ ಕೊಡ್ತಾರಮ್ಮ, ನಿಮ್ಮದೊಂದನ್ನ ತಗೊಂಡು ಎಲ್ಲಿ ಇಡ್ಲಿ?" ಅಂದರು. ಅವರ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಯಾರೋ ಮಿಕ್ಕ ಅನ್ನದ ಜೊತೆ ಒಡೆದ ಗಾಜಿನ ಲೋಟ ಹಾಕಿದ್ದರಂತೆ, ಬಗೆದಾಗ ಸೀಳಿದೆ. ಆಮೇಲೆ ನನಗೆ ಜಗಳ ಆಡುವ ಮನಸ್ಸೇ ಬರಲಿಲ್ಲ.

ನಾವು ಅಡುಗೆಮನೆಯಲ್ಲಿ ಕಲಸಿದ್ದನ್ನು ಆಮೇಲೆ ಎಲ್ಲಾದರೂ ಯಾರಾದರೂ ಕೈಯಲ್ಲೇ ಬಿಡಿಸಬೇಕು. ಸಾರು ಹತ್ತಿದ ರಟ್ಟನ್ನು ಗುಜರಿಯವರೂ ತೆಗೆದುಕೊಳ್ಳುವುದಿಲ್ಲ. ಕವರ್ ಚೂರು ಸೇರಿದ ಗೊಬ್ಬರವನ್ನು ಯಾವ ರೈತನೂ ಗದ್ದೆಗೆ ಹಾಕುವುದಿಲ್ಲ. ಎರಡೂ ತಮ್ಮಷ್ಟಕ್ಕೆ ಕೆಲಸಕ್ಕೆ ಬರುವ ವಸ್ತುಗಳೇ, ಸೇರಿದ ಕೂಡಲೇ ಎರಡೂ ಹಾಳು. ಆಮೇಲೆ ಊರಾಚೆ ರಾಶಿ ಬೀಳುವುದೊಂದೇ ದಾರಿ. ಆ ರಾಶಿಯ ಪಕ್ಕದಲ್ಲೂ ನಮ್ಮಂಥವರ ಮನೆಗಳಿವೆ, ಬಾವಿಗಳಿವೆ.

ನಾವೇನು ಮಾಡಿದೆವು ಹೇಳುತ್ತೇನೆ. ಅಕ್ಕಪಕ್ಕದ ಐದು ಮನೆಯವರು ಮಾತಾಡಿಕೊಂಡು ದಿನಾ ಹಸಿ ಕಸ ಮಾತ್ರ ಕೊಡುವುದು, ಒಣ ಕಸವನ್ನು ಗೋಣಿಚೀಲದಲ್ಲಿ ಕೂಡಿಟ್ಟು ವಾರಕ್ಕೊಮ್ಮೆ ಶನಿವಾರ ಕೊಡುವುದು ಅಂತ ಮಾಡಿಕೊಂಡೆವು. ಒಣಗಿದ್ದು ಎಷ್ಟು ದಿನ ಇಟ್ಟರೂ ನಾರುವುದಿಲ್ಲ ಅಲ್ವಾ. ಕಟ್ಟಿದ ಚೀಲ ಕಂಡರೆ ಗಾಡಿಯವರು ಅದನ್ನು ರಾಶಿಗೆ ಸುರಿಯುವುದಿಲ್ಲ, ಪಕ್ಕಕ್ಕೆ ನೇತುಹಾಕಿಕೊಳ್ಳುತ್ತಾರೆ. ಅದರಲ್ಲಿ ಅವರಿಗೂ ನಾಲ್ಕು ಕಾಸು ಇದೆ. ಎರಡು ತಿಂಗಳಲ್ಲಿ ಬೀದಿಯ ಅರ್ಧ ಜನ ಹಾಗೇ ಕೊಡಲು ಶುರು ಮಾಡಿದರು.

ಇನ್ನೊಂದು ವಿಷಯ, ಬೇರೆ ಮಾಡುವುದು ನಮ್ಮ ಔದಾರ್ಯ ಅಂತ ತುಂಬ ಜನ ತಿಳಿದಿದ್ದಾರೆ. ಅದು ಕಾನೂನು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಈ ವಿಚಾರ ಹಿಡಿದು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಅದರಿಂದಾಗಿಯೇ 2000ದಲ್ಲಿ ಮೊದಲ ಸಲ ಊರ ಕಸಕ್ಕೆ ಅಂತ ದೇಶಕ್ಕೆಲ್ಲ ನಿಯಮ ಬಂತು. 2016ರ ನಿಯಮದಲ್ಲಿ ಹಸಿ, ಒಣ, ಅಪಾಯದ ಕಸ ಅಂತ ಮೂರು ಭಾಗ ಮಾಡಿ ಕೊಡುವುದು ಮನೆಯವರ ಜವಾಬ್ದಾರಿ ಎಂದು ಬರೆದರು. ಬೇರೆಯಾಗಿ ಕೊಟ್ಟದ್ದನ್ನು ಬೇರೆಯಾಗಿಯೇ ಸಾಗಿಸುವುದು ಸ್ಥಳೀಯ ಸಂಸ್ಥೆಯ ಜವಾಬ್ದಾರಿ. ಹಾಗಾಗಿ ನೀವು ಐದಾರು ಮನೆಯವರು ಸಹಿ ಮಾಡಿ ವಾರ್ಡಿನ ಹೆಲ್ತ್ ಇನ್‌ಸ್ಪೆಕ್ಟರಿಗೆ ಒಂದು ಅರ್ಜಿ ಕೊಡಿ. ಗಾಡಿಯವರ ಮೇಲೆ ದೂರು ಬರೆಯಬೇಡಿ. ಗಾಡಿಗೆ ಎರಡು ಭಾಗ ಮಾಡಿಸಿಕೊಡಿ, ಕೈಗೆ ಗ್ಲೌಸ್ ಕೊಡಿ ಎಂದು ಬರೆಯಿರಿ.

ಹಸಿ ಕಸದಿಂದ ಬಕೆಟ್‌ನಲ್ಲಿ ಗೊಬ್ಬರ ಮಾಡಲು ಹೋದೆ ಅಕ್ಕಾ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಜೂನ್ ಬಂದ ಮೇಲೆ ಕೊಳೆತು ನಾತ, ಮೇಲೆ ಹುಳ. ಮನೆಯವರು ಎಸೆದುಬಿಡು ಎನ್ನುತ್ತಿದ್ದಾರೆ.
*— ಗೃಹಿಣಿ, ಹಿರೇಮಗಳೂರು*

ಎಸೆಯಬೇಡಿ! ಇದು ಸರಿಹೋಗುತ್ತದೆ. ನನ್ನ ಮೊದಲ ಬಕೆಟ್ಟೂ ಆಷಾಢದಲ್ಲೇ ಕೆಟ್ಟಿತ್ತು.

ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ ಹೇಳುವುದೆಲ್ಲ ಒಣ ಊರಿನ ಲೆಕ್ಕ. ನಮ್ಮಲ್ಲಿ ಮಳೆ ಹಿಡಿದರೆ ಗಾಳಿಯೇ ಒದ್ದೆ. ಕಸದಲ್ಲಿ ನೀರು ಜಾಸ್ತಿ ಆದರೆ ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಸಾಯುತ್ತವೆ, ಗಾಳಿ ಬೇಡದವು ಹೆಚ್ಚುತ್ತವೆ. ನಾತ ಬರುವುದು ಅವುಗಳಿಂದ. ಕೊಳೆತ ಮೊಟ್ಟೆ ತರಹ ನಾತ ಇದ್ದರೆ ಗಾಳಿ ಸಾಲದು ಅಂತ ಅರ್ಥ. ಮೂಗಿಗೆ ಘಾಟು ಹೊಡೆದು ಗಂಜಲದ ಹಾಗೆ ಇದ್ದರೆ ಹಸಿ ಜಾಸ್ತಿಯಾಗಿದೆ, ಒಣ ಎಲೆ ಕಡಿಮೆಯಾಗಿದೆ ಅಂತ. ಎರಡಕ್ಕೂ ಮದ್ದು ಒಂದೇ, ಒಣಗಿದ್ದು ಹಾಕಿ ಕೆದಕುವುದು.

ಬಕೆಟ್ಟನ್ನು ಒಂದು ಹಳೇ ಟಾರ್ಪಾಲಿನ ಮೇಲೆ ಪೂರ್ತಿ ಸುರಿದುಬಿಡಿ. ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ, ಧಾರೆ ಇಳಿದರೆ ಒದ್ದೆ ಜಾಸ್ತಿ. ಒದ್ದೆಯಾಗಿದ್ದರೆ ಹಸಿ ಕಸ ಎಷ್ಟಿದೆಯೋ ಅದರ ಒಂದೂವರೆಯಷ್ಟು ಒಣ ಪದಾರ್ಥ ಬೆರೆಸಿ. ನಮ್ಮ ಊರಲ್ಲಿ ಇದಕ್ಕೆ ಬರ ಇಲ್ಲ. ಸಾ ಮಿಲ್ಲಿನ ಮರದ ಹೊಟ್ಟು, ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ, ಕಾಫಿ ಬೀಜದ ಸಿಪ್ಪೆ ಬಿಡಿಸುವ ಕ್ಯೂರಿಂಗ್ ವರ್ಕ್ಸ್‌ನಿಂದ ಬರುವ ಕಾಫಿ ಹೊಟ್ಟು, ಯಾವುದಾದರೂ ಆಗುತ್ತದೆ. ಸಿಲ್ವರ್ ಓಕ್ ಎಲೆಯೂ ಆಗುತ್ತದೆ, ಆದರೆ ಅದು ಬೇಗ ಕರಗುವುದಿಲ್ಲ, ಕೈಯಲ್ಲಿ ಪುಡಿ ಮಾಡಿ ಹಾಕಿ. ನಾನು ಬೇಸಿಗೆಯಲ್ಲೇ ನಾಲ್ಕು ಗೋಣಿಚೀಲ ಒಣ ಎಲೆ ತುಂಬಿ ಅಟ್ಟದ ಮೇಲೆ ಇಡುತ್ತೇನೆ. ಮಳೆಗಾಲಕ್ಕೆ ಸೌದೆ ಕೂಡಿಡುತ್ತೇವಲ್ಲ, ಇದೂ ಹಾಗೇ. ಜೂನ್ ಬಂದ ಮೇಲೆ ಎಲೆ ಹುಡುಕಿದರೆ ಸಿಗುವುದೆಲ್ಲ ಒದ್ದೆ.

ಬೆರೆಸಿದ್ದನ್ನು ಮತ್ತೆ ಬಕೆಟ್ಟಿಗೆ ತುಂಬಿ. ಬಕೆಟ್ ಅಂದರೆ ಹಳೇ ಪೇಂಟ್ ಡಬ್ಬ ಸಾಕು, ಸುತ್ತಲೂ, ತಳದಲ್ಲಿ ತೂತು ಇರಬೇಕು. ತಳದಲ್ಲಿ ಎರಡು ಒಡೆದ ಹೆಂಚಿನ ಚೂರು, ಅದರ ಮೇಲೆ ನಾಲ್ಕು ಬೆರಳು ಎತ್ತರ ತೆಂಗಿನ ನಾರು ಹಾಕಿದರೆ ನೀರು ಬಸಿಯುತ್ತದೆ. ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ, ಸೂರಿನ ಕೆಳಗೆ ಇಡಿ, ಎರಚಲು ಬೀಳಬಾರದು. ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿದರೆ ಬೇಗ ಹತ್ತಿಕೊಳ್ಳುತ್ತದೆ, ಸ್ವಲ್ಪ ಸಗಣಿ ಸಿಕ್ಕರೆ ಇನ್ನೂ ಒಳ್ಳೆಯದು. ಮೂರು ದಿನಕ್ಕೊಮ್ಮೆ ಕೋಲಿನಲ್ಲಿ ತಳದವರೆಗೂ ಕೆದಕಿ. ವಾರದಲ್ಲಿ ನಾತ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಆ ವಾಸನೆ ಒಂದು ಸಲ ಮೂಗಿಗೆ ಬಂದರೆ ಆಮೇಲೆ ನೀವು ಬಿಡುವುದಿಲ್ಲ.

ಹುಳದ ಬಗ್ಗೆ ಹೆದರಬೇಡಿ. ಬೂದು ಬಣ್ಣದ, ಗಿಣ್ಣು ಗಿಣ್ಣಾದ ಹುಳ ಆಗಿದ್ದರೆ ಅದು ಸೋಲ್ಜರ್ ಫ್ಲೈ ಎನ್ನುವ ನೊಣದ ಮರಿ. ಮನುಷ್ಯರಿಗೆ ಏನೂ ಮಾಡುವುದಿಲ್ಲ, ಕಸ ಬೇಗ ತಿಂದು ಮುಗಿಸುತ್ತದೆ. ನೋಡಲು ಹೇಸಿಗೆ ಅನಿಸಿದರೆ ಮೇಲೆ ಎರಡು ಹಿಡಿ ಒಣ ಪುಡಿ ಹರಡಿ, ಕೆಳಗೆ ಇಳಿದುಬಿಡುತ್ತವೆ. ಬಿಳಿ ಬೂಸ್ಟು ಕಂಡರೆ ಖುಷಿಪಡಿ, ಕೆಲಸ ಸರಿಯಾಗಿ ನಡೆಯುತ್ತಿದೆ ಅಂತ.

ತರಕಾರಿ ಸಿಪ್ಪೆ, ಕಾಫಿ ಚರಟ, ಹೂವು, ಎಣ್ಣೆ ಹತ್ತಿದ ಪೇಪರ್, ಎಲ್ಲ ಹಾಕಬಹುದು. ಮಿಕ್ಕ ಸಾರು, ಹುಳಿಯನ್ನು ಮಾತ್ರ ಬಸಿದು ಗಟ್ಟಿ ಮಾತ್ರ ಹಾಕಿ. ಮೂಳೆ, ಮೀನಿನ ಮುಳ್ಳು ಬಕೆಟ್ಟಿಗೆ ಬೇಡ, ನಾಯಿ ಕೆದಕದ ಹಾಗೆ ಒಂದೂವರೆ ಅಡಿ ಆಳದಲ್ಲಿ ಹೂತುಬಿಡಿ. ಬೇಸಿಗೆಯಲ್ಲಿ 45 ದಿನಕ್ಕೆ ಆಗುವ ಗೊಬ್ಬರ ಮಳೆಗಾಲದಲ್ಲಿ 90 ದಿನವೂ ತೆಗೆದುಕೊಳ್ಳಬಹುದು. ಅದಕ್ಕೇ ಎರಡು ಬಕೆಟ್ ಇರಬೇಕು, ಒಂದು ತುಂಬಿದ ಮೇಲೆ ಮುಚ್ಚಿಟ್ಟು ಇನ್ನೊಂದು ಶುರು ಮಾಡಬಹುದು.

ನಮ್ಮ ಅತ್ತೆ ದಿನಾ ಬಚ್ಚಲ ಒಲೆ ಹಚ್ಚಲು ಹಾಲಿನ ಕವರ್, ಚಿಪ್ಸ್ ಪ್ಯಾಕೆಟ್ ಹಾಕುತ್ತಾರೆ. ಬೇಡ ಅಂದರೆ "ಕಸನೂ ಕಮ್ಮಿ ಆಗುತ್ತೆ, ನೀರೂ ಕಾಯುತ್ತೆ" ಅನ್ನುತ್ತಾರೆ. ದೊಡ್ಡವರಿಗೆ ಹೇಗೆ ಹೇಳಲಿ?
*— ಮೂಡಿಗೆರೆ ಹತ್ತಿರದ ಹಳ್ಳಿಯಿಂದ*

ಈ ಪತ್ರ ಓದಿ ನನಗೆ ತುಂಬ ಹೊತ್ತು ನಮ್ಮ ಅಜ್ಜಿ ಮನೆ ಬಚ್ಚಲು ನೆನಪಾಯಿತು ತಂಗಿ. ಅಲ್ಲೂ ಹೀಗೇ. ಕವರಿಗೆ ಬೆಂಕಿ ತಾಗಿದ ಕೂಡಲೇ ಮುದುಡಿ, ಕಪ್ಪು ಹನಿಯಾಗಿ ತೊಟ್ಟಿಕ್ಕುತ್ತಿತ್ತು, ಹೊಗೆ ಹೆಂಚಿನ ಸಂದಿಯಲ್ಲಿ ಹೋಗದೆ ಒಳಗೇ ಸುತ್ತುತ್ತಿತ್ತು. ಅದೇ ಹೊಗೆಯಲ್ಲಿ ಮಕ್ಕಳನ್ನು ಕೂರಿಸಿ ನೀರು ಹಾಕುತ್ತಿದ್ದರು.

ಅತ್ತೆಯವರು ಕವರ್ ಯಾಕೆ ಹಾಕುತ್ತಾರೆ ಅಂತ ಮೊದಲು ನೋಡಿ. ಕಸ ಕಡಿಮೆ ಮಾಡಲು ಅಲ್ಲ. ಮಳೆಗಾಲದಲ್ಲಿ ಸೌದೆ ತಂಡಿ ಹಿಡಿದಿರುತ್ತದೆ, ಊದಿ ಊದಿ ಸಾಕಾಗುತ್ತದೆ, ಕವರ್ ಹಾಕಿದರೆ ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ. ಅವರ ತೊಂದರೆ ಬೆಂಕಿ ಹಚ್ಚುವುದು, ಅದನ್ನು ಬಗೆಹರಿಸಿದರೆ ಮಾತೇ ಬೇಡ. ಒಲೆಯ ಮೇಲೆ ಅಟ್ಟ ಇದ್ದರೆ ಅಲ್ಲಿ ಒಂದು ಬುಟ್ಟಿ ತುಂಬ ಬೆಚ್ಚಗೆ ಒಣಗಿದ್ದನ್ನು ಇಡಿ. ತೆಂಗಿನ ಗರಿ, ಕರಟ, ಹರಿದ ಅಡಿಕೆ ಹಾಳೆ, ಕಾಫಿ ಗಿಡ ಸವರಿದ ಸಣ್ಣ ಕಡ್ಡಿ. ಕೈಗೆ ಎಟಕುವ ಹಾಗೆ ಇರಲಿ. ಹಾಲಿನ ಕವರನ್ನು ನೀವೇ ಅವರಿಗಿಂತ ಮೊದಲು ತೊಳೆದು ತಂತಿಗೆ ಸಿಕ್ಕಿಸಿಬಿಡಿ, ಗುಜರಿಗೆ ಕೊಟ್ಟು ಬಂದ ದುಡ್ಡನ್ನು ಅವರ ಕೈಗೇ ಕೊಡಿ.

ಹೇಳಲೇಬೇಕಾಗಿ ಬಂದರೆ ಬೂದಿಯ ವಿಷಯ ಹೇಳಿ. ಬಚ್ಚಲ ಬೂದಿಯಲ್ಲಿ ಪಾತ್ರೆ ತಿಕ್ಕುತ್ತೇವೆ, ಸೊಪ್ಪಿನ ಮಡಿಗೆ ಹಾಕುತ್ತೇವೆ. ಪ್ಲಾಸ್ಟಿಕ್ ಸುಟ್ಟ ಬೂದಿ ಅದಕ್ಕೆಲ್ಲ ಬರುವುದಿಲ್ಲ. ಬೂದಿ ಹಾಳಾಯಿತು ಅಂದರೆ ಹಿರಿಯರಿಗೆ ಥಟ್ಟನೆ ಅರ್ಥ ಆಗುತ್ತದೆ, ಕಣ್ಣಿಗೆ ಕಾಣುವ ವಸ್ತು ಅಲ್ವಾ ಅದು. ಕಣ್ಣಿಗೆ ಕಾಣದ್ದೂ ಒಂದಿದೆ. ಪಿವಿಸಿ ಎನ್ನುವ ಜಾತಿಯ ಪ್ಲಾಸ್ಟಿಕ್ ಇರುವ ರೆಕ್ಸಿನ್, ವೈರು, ಪೈಪಿನ ಚೂರು ಕಡಿಮೆ ಕಾವಿನಲ್ಲಿ ಸುಟ್ಟರೆ ಡಯಾಕ್ಸಿನ್ ಎನ್ನುವ ವಿಷ ಹುಟ್ಟುತ್ತದೆ. ಅದು ದೇಹದ ಕೊಬ್ಬಿನಲ್ಲಿ ಕೂತರೆ ಅರ್ಧದಷ್ಟು ಹೊರಗೆ ಹೋಗಲು 7ರಿಂದ 11 ವರ್ಷ ಬೇಕು. ಯಾವ ಚೂರಿನಲ್ಲಿ ಏನಿದೆ ಅಂತ ಒಲೆ ಮುಂದೆ ಕೂತು ಯಾರೂ ವಿಂಗಡಿಸುವುದಿಲ್ಲ, ಹಾಗಾಗಿ ಒಂದನ್ನೂ ಹಾಕದಿರುವುದೇ ಸರಿ.

ಬೀದಿಬದಿ ಕಸ ಗುಡ್ಡೆ ಹಾಕಿ ಸುಡುವವರಿಗೂ ಇದೇ ಮಾತು. 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ಆದೇಶ ಕೊಟ್ಟಿದೆ.

ಗುಜರಿಯವರು ಯಾವ ಪ್ಲಾಸ್ಟಿಕ್ ತಗೊಳ್ತಾರೆ, ಯಾವುದು ತಗೊಳಲ್ಲ? ಒಂದೊಂದು ಸಲ ಒಂದೊಂದು ಹೇಳುತ್ತಾರೆ.
*— ಕಾಲೇಜು ವಿದ್ಯಾರ್ಥಿ, ಬಸವನಹಳ್ಳಿ*

ಬೆಲೆ ಏರಿಳಿದ ಹಾಗೆ ಅವರ ಮಾತೂ ಬದಲಾಗುತ್ತದೆ, ಅವರದ್ದೇನೂ ತಪ್ಪಿಲ್ಲ. ಡಬ್ಬದ ತಳ ತಿರುಗಿಸಿ ನೋಡಿ, ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಅಂದರೆ ನೀರಿನ ಬಾಟಲಿ, 2 ಅಂದರೆ ಶಾಂಪೂ ಡಬ್ಬದಂಥ ಗಟ್ಟಿ ಪ್ಲಾಸ್ಟಿಕ್, 5 ಅಂದರೆ ಊಟದ ಪಾರ್ಸೆಲ್ ಡಬ್ಬ. ಈ ಮೂರಕ್ಕೆ ಸಾಮಾನ್ಯವಾಗಿ ಗಿರಾಕಿ ಇದ್ದೇ ಇದೆ. 6 ಅಂದರೆ ಥರ್ಮೋಕೋಲ್ ಜಾತಿ. ತೂಕ ಇಲ್ಲ, ಜಾಗ ಜಾಸ್ತಿ, ಯಾರಿಗೂ ಬೇಡ.

ಹಾಲಿನ ಕವರಿಗೆ ಬೆಲೆ ಇದೆ, ಆದರೆ ಒಂದು ಸಣ್ಣ ಅಭ್ಯಾಸ ಬೇಕು. ನಂದಿನಿ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ. ಒಂದು ಎಳೆ ಹಿಡಿದಿರುವ ಹಾಗೆ ಕತ್ತರಿಸಿ, ತುಂಡು ಕವರಿಗೇ ಅಂಟಿಕೊಂಡಿರಲಿ. ಉಗುರಿನಷ್ಟು ಆ ಚೂರು ಸಿಂಕಿನಲ್ಲಿ ಇಳಿದರೆ ಚರಂಡಿಗೆ, ಅಲ್ಲಿಂದ ಕೆರೆಗೆ. ಅದನ್ನು ಆಮೇಲೆ ಯಾರೂ ಹೆಕ್ಕಲಾರರು. ಕವರನ್ನು ಅಕ್ಕಿ ತೊಳೆದ ನೀರಿನಲ್ಲಿ ಜಾಲಿಸಿ ನೇತುಹಾಕಿದರೆ ಸಾಕು, ಸೋಪು ಬೇಡ.

ಚಿಪ್ಸ್, ಬಿಸ್ಕತ್ತು ಪ್ಯಾಕೆಟ್ ಗುಜರಿಗೆ ನಡೆಯುವುದಿಲ್ಲ. ಅದರಲ್ಲಿ ಪ್ಲಾಸ್ಟಿಕ್ಕೂ ಲೋಹದ ಪದರವೂ ಅಂಟಿಕೊಂಡಿರುತ್ತವೆ, ಬಿಡಿಸಲು ಆಗುವುದಿಲ್ಲ. ಒಣ ಕಸದ ಜೊತೆ ಗಾಡಿಗೆ ಕೊಡಿ. ಇಂಥದ್ದನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿ ಕಳಿಸುವ ವ್ಯವಸ್ಥೆ ಇದೆ. ಅಲ್ಲಿನ ಕಾವು 1,400 ಡಿಗ್ರಿ ದಾಟುತ್ತದೆ, ನಮ್ಮ ಬಚ್ಚಲ ಒಲೆಗೆ ಅಷ್ಟು ಕಾವು ಬರುವುದೇ ಇಲ್ಲ.

ಕೂಡು ಕುಟುಂಬ, ಮನೆ ತುಂಬ ಜನ. ಪ್ಯಾಡ್ ಎಲ್ಲಿ ಹಾಕುವುದು ಅಂತ ಮುಜುಗರ ಆಗಿ ಎಷ್ಟೋ ಸಲ ಟಾಯ್ಲೆಟ್ಟಿಗೇ ಹಾಕಿದ್ದೇನೆ. ಪೈಪ್ ಕಟ್ಟಿಕೊಂಡು ದೊಡ್ಡ ರಗಳೆ ಆಯಿತು.
*— ಹೆಸರು ಬೇಡ, ಸಕಲೇಶಪುರ*

ಮುಜುಗರ ಪಡಬೇಡಿ, ಇದೇ ಮಾತು ಬರೆದವರು ನೀವೊಬ್ಬರೇ ಅಲ್ಲ. ಪ್ಯಾಡಿನೊಳಗೆ ನೀರು ಹೀರಿ ಉಬ್ಬುವ ಜೆಲ್ ಇರುತ್ತದೆ, ಉಳಿದದ್ದರಲ್ಲಿ ಬಹುಪಾಲು ಪ್ಲಾಸ್ಟಿಕ್. ಹಾಗಾಗಿ ಪೈಪಿನಲ್ಲೂ ಕರಗುವುದಿಲ್ಲ, ಗೊಬ್ಬರದಲ್ಲೂ ಕರಗುವುದಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗುರುತು ಹಾಕಿ, ಮುಚ್ಚಳ ಇರುವ ಸಣ್ಣ ಡಬ್ಬದಲ್ಲಿ ಬೇರೆ ಇಡಿ. ಗುರುತು ಕಂಡರೆ ಕಸ ತೆಗೆದುಕೊಳ್ಳುವವರು ಬಿಚ್ಚಿ ನೋಡುವುದಿಲ್ಲ. ಮಗುವಿನ ಡೈಪರ್‌ಗೂ ಇದೇ ಕ್ರಮ. ಮನೆಯ ಗಂಡಸರಿಗೂ ಒಂದು ಸಲ ನೇರವಾಗಿ ಹೇಳಿಬಿಡಿ, ಆ ಡಬ್ಬ ಗೇಟಿನವರೆಗೆ ಒಯ್ಯುವ ಕೆಲಸ ಅವರೂ ಮಾಡಬಹುದು. ಬಟ್ಟೆ ಪ್ಯಾಡ್ ಅಥವಾ ತೊಳೆದು ಮತ್ತೆ ಬಳಸುವ ಮುಟ್ಟಿನ ಕಪ್ ಒಗ್ಗುವುದಾದರೆ ಕಸವೇ ಇಲ್ಲ. ಆದರೆ ಬಟ್ಟೆಯದ್ದನ್ನು ಬಿಸಿಲಿಗೇ ಒಣಗಿಸಬೇಕು. ನಮ್ಮ ಮಳೆಗಾಲದಲ್ಲಿ ಅದು ಕಷ್ಟ, ನಿಮ್ಮ ಅನುಕೂಲ ನೋಡಿಕೊಳ್ಳಿ.

ತೋಟಕ್ಕೆ ಹೊಡೆಯುವ ಔಷಧಿಯ ಖಾಲಿ ಬಾಟಲಿಗಳು ರಾಶಿ ಬಿದ್ದಿವೆ. ಕೂಲಿಯವರು ಕೇಳುತ್ತಾರೆ, ಸೀಮೆಎಣ್ಣೆ ಹಾಕಿಡಲು ಅಂತ. ಕೊಡಬಹುದೇ?
*— ಸಣ್ಣ ಕಾಫಿ ಬೆಳೆಗಾರ, ಆಲ್ದೂರು*

ಖಂಡಿತ ಕೊಡಬೇಡಿ. ಇವತ್ತು ಸೀಮೆಎಣ್ಣೆ, ನಾಳೆ ಅದರಲ್ಲೇ ಕುಡಿಯುವ ನೀರು. ಔಷಧಿ ಖಾಲಿಯಾದ ಕೂಡಲೇ ಬಾಟಲಿಗೆ ಕಾಲು ಭಾಗ ನೀರು ಹಾಕಿ ಚೆನ್ನಾಗಿ ಕುಲುಕಿ, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ಔಷಧಿಯೂ ದಂಡ ಆಗುವುದಿಲ್ಲ. ಆಮೇಲೆ ಮೊಳೆಯಿಂದ ತೂತು ಮಾಡಿ, ಮತ್ತೆ ಯಾರೂ ಬಳಸಬಾರದು. ಮನೆಯ ಕಸಕ್ಕೆ ಸೇರಿಸದೆ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಟ್ಟು, ಕೊಂಡ ಅಂಗಡಿಯಲ್ಲಿ ಅಥವಾ ಪಂಚಾಯಿತಿಯಲ್ಲಿ ಅಪಾಯದ ಕಸ ಅಂತ ಹೇಳಿ ಒಪ್ಪಿಸಿ. ಹಳ್ಳದ ದಂಡೆಯಲ್ಲಿ ತೊಳೆಯುವುದಂತೂ ಬೇಡವೇ ಬೇಡ. ತುಂಗಾ, ಭದ್ರಾ, ಹೇಮಾವತಿ ಮೂರೂ ನಮ್ಮ ಜಿಲ್ಲೆಯಲ್ಲೇ ಹುಟ್ಟುತ್ತವೆ. ನಮ್ಮ ತೋಟದ ಹಳ್ಳದಲ್ಲಿ ಬಿಟ್ಟದ್ದನ್ನು ಕೆಳಗಿನ ಊರುಗಳು ಕುಡಿಯುತ್ತವೆ.

ಮುಂದಿನ ತಿಂಗಳು ಗೃಹಪ್ರವೇಶ, ನೂರೈವತ್ತು ಜನರ ಊಟ. ಕಸ ಕಡಿಮೆ ಮಾಡಲು ಏನಾದರೂ ಹೇಳಿ.
*— ರಾಮನಹಳ್ಳಿ*

ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಬಾಳೆ ಎಲೆ ಇಲ್ಲವೇ ಅಡಿಕೆ ಹಾಳೆ ತಟ್ಟೆ, ಎರಡೂ ಗೊಬ್ಬರ ಆಗುತ್ತವೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಪೇಪರ್ ಲೋಟದ ಒಳಗೂ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಅದನ್ನು ಹಸಿ ಕಸಕ್ಕೆ ಹಾಕಬೇಡಿ. ಶಾಮಿಯಾನದವರ ಹತ್ತಿರ ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತದೆ, ತೊಳೆಯಲು ಇಬ್ಬರಿಗೆ ಕೂಲಿ ಕೊಡಿ. ಸಣ್ಣ ನೀರಿನ ಬಾಟಲಿ ಹಂಚುವ ಬದಲು ಎರಡು ಕ್ಯಾನ್ ಇಡಿ. ಕೈತೊಳೆಯುವ ಜಾಗದಲ್ಲಿ ಎಲೆಗೆ ಒಂದು ಡ್ರಮ್, ಉಳಿದದ್ದಕ್ಕೆ ಇನ್ನೊಂದು ಡ್ರಮ್ ಇಟ್ಟು, ಪಕ್ಕದಲ್ಲಿ ಮನೆಯ ಒಬ್ಬ ಹುಡುಗನನ್ನು ನಿಲ್ಲಿಸಿ. ಯಾರೂ ನಿಲ್ಲದಿದ್ದರೆ ಎರಡೂ ಡ್ರಮ್ ಹತ್ತು ನಿಮಿಷದಲ್ಲಿ ಒಂದೇ ಆಗಿಬಿಡುತ್ತವೆ. ರಸ್ತೆಯಲ್ಲೋ ಖಾಲಿ ಸೈಟಿನಲ್ಲೋ ಶಾಮಿಯಾನ ಹಾಕಿ ನೂರಕ್ಕಿಂತ ಜಾಸ್ತಿ ಜನ ಸೇರಿಸುವುದಾದರೆ ಮೂರು ಕೆಲಸದ ದಿನ ಮೊದಲೇ ನಗರಸಭೆಗೆ ತಿಳಿಸಬೇಕು ಎಂದು 2016ರ ನಿಯಮದಲ್ಲೇ ಹೇಳಿತ್ತು. ತಿಳಿಸಿದರೆ ನಿಮಗೇ ಅನುಕೂಲ, ಮರುದಿನ ಬೆಳಗ್ಗೆ ಗಾಡಿ ಬರುತ್ತದೆಯೇ ಎಂದು ಆಗಲೇ ಕೇಳಿಕೊಳ್ಳಬಹುದು.

ಹಾಳಾದ ಟ್ಯೂಬ್‌ಲೈಟ್, ಬಲ್ಬು, ಮಾತ್ರೆ, ಇನ್ಸುಲಿನ್ ಸೂಜಿ?
*— ಹಾಸನದಿಂದ ಒಂದೇ ಸಾಲಿನ ಪ್ರಶ್ನೆ*

ಹಳೇ ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ, ಒಡೆಯಬೇಡಿ. ಹೊಸ ಬಲ್ಬು ಬಂದ ರಟ್ಟಿನ ಡಬ್ಬಕ್ಕೇ ಹಳೆಯದನ್ನು ಹಾಕಿಡಿ. ಮಾತ್ರೆಯನ್ನು ಶೀಟಿನಿಂದ ಬಿಡಿಸಬೇಡಿ, ಸಿಂಕಿಗೂ ಸುರಿಯಬೇಡಿ. ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕುತ್ತ ಬನ್ನಿ, ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ "ಸೂಜಿ ಇದೆ" ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಇವು ಮೂರನ್ನೂ ಒಂದು ಚೀಲದಲ್ಲಿ ಬೇರೆಯಾಗಿಟ್ಟು, ಗಾಡಿ ಬಂದಾಗ ಅವರ ಕೈಗೆ ಕೊಟ್ಟು, ಒಳಗೆ ಏನಿದೆ ಅಂತ ಬಾಯಿಬಿಟ್ಟು ಹೇಳಿ.